ದಿಬ್ಬಣದೊಡನೆ ನಡೆದ ಚರಿತ್ರಕಾರ



ಸಂಬಂಧ ಕುದುರಿಸುವವರ ಮಾತಿನ ಧಾಟಿಯನ್ನು ಕೆ.ಜಿ.ಎಫ್.ನ ಕುಟುಂಬಗಳಿಗೆ ವಿವರಿಸಿ ಹೇಳಬೇಕಾಗಿಲ್ಲ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿ ಉರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳ ಮನೆಗಳಿಗೆ ಬರುವ ಮಧ್ಯಸ್ಥನು ಹುಡುಗನ ಸಂಬಳ, ಬೆಂಗಳೂರಿನ ನಿವೇಶನ, ಹುಡುಗಿಗೆ ಹಾಕಬೇಕಾದ ಸವರನ್ನುಗಳ ಸಂಖ್ಯೆ ಎಲ್ಲವನ್ನೂ ಬಾಯಿಪಾಠವಾಗಿ ಬಲ್ಲವನು. ನಮ್ಮ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಮದುವೆಯ ಮನೆಯಲ್ಲಿ ಚಿನ್ನದ ಲೆಕ್ಕ ಮಾತ್ರ ಮುಚ್ಚಲಿಲ್ಲ. ಅವನ ಚೀಟಿಯಲ್ಲಿ ಇಲ್ಲದಿರುವುದು ಒಂದೇ: ಹುಡುಗಿಯ ಮನಸ್ಸು. ಅಂತಹ ಚೀಟಿಯನ್ನೇ ಹೋಲುವ ಎರಡು ಹಳೆಯ ಗ್ರಂಥಗಳ ವಿಚಾರವಾಗಿ ಈ ಬಾರಿ ನಿಮ್ಮೊಡನೆ ಕೆಲವು ಮಾತು ಹಂಚಿಕೊಳ್ಳಬೇಕೆನಿಸಿದೆ.

ನಮ್ಮ ಕೋಲಾರ ಸೀಮೆಯು ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ, ಅಂದರೆ ಇಂದಿನ ವಿಜಯಪುರದ, ಆದಿಲಶಾಹಿಗಳ ಅಧೀನಕ್ಕೆ ಬಂದು ಶಹಾಜಿಯ ಜಹಗೀರಿಗೆ ಸೇರಿದುದನ್ನು ನೀವು ಶಾಲೆಯಲ್ಲಿ ಓದಿರಬಹುದು. ನಾನು ಹೇಳಹೊರಟ ಪ್ರಸಂಗ ಅದಕ್ಕೂ ಮೂರು ದಶಕ ಹಿಂದಿನದು. ಇಂಗ್ಲೆಂಡಿನಲ್ಲಿ ಟ್ಯೂಡರ್ ವಂಶದ ಕೊನೆಯ ರಾಣಿ ಎಲಿಜಬೆತ್ ಮುಪ್ಪಿನಲ್ಲಿದ್ದ ಕಾಲ. ದೆಹಲಿ-ಆಗ್ರಾಗಳ ಅಕ್ಬರನು ತನ್ನ ಮಗ ದಾನಿಯಾಲನಿಗೆ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಹನ ಮಗಳನ್ನು ತರಿಸಿಕೊಳ್ಳಲು ಮೀರ್ ಜಮಾಲುದ್ದೀನ್ ಹುಸೇನ್ ಇಂಜೂ ಎಂಬ ರಾಯಭಾರಿಯನ್ನು ಕಳುಹಿದನು. ಈತನು ಮುಂದೆ 'ಫರ್ಹಂಗೆ ಜಹಾಂಗೀರಿ' ಎಂಬ ಪ್ರಸಿದ್ಧ ಪಾರಸಿ ನಿಘಂಟನ್ನು ರಚಿಸಿದ ಪಂಡಿತ. ನಿಘಂಟು ಬರೆಯುವವರಿಗೆ ತಾಳ್ಮೆ ಬೇಕು, ನಿಜ. ಆದರೆ ಇಲ್ಲಿ ತಾಳ್ಮೆ ಅತಿಯಾಯಿತು. ವರುಷ ಉರುಳಿದರೂ ವಧುವೂ ಬರಲಿಲ್ಲ, ರಾಯಭಾರಿಯೂ ಬರಲಿಲ್ಲ. ಆತನು ಅಲ್ಲಿಯ ಸತ್ಕಾರದಲ್ಲಿಯೇ ಸುಖವಾಗಿದ್ದಾನೆಂಬ ಆಕ್ಷೇಪ ಹುಟ್ಟಿ, ಆತನನ್ನು ಕರೆತರಲು ಅಸದ್ ಬೇಗನೆಂಬ ಇನ್ನೊಬ್ಬನನ್ನು ಅಟ್ಟಬೇಕಾಯಿತು. ಅಸದ್ ಬೇಗನು ಅಬುಲ್ ಫಜಲನ ಬಳಿ ಸೇವೆಯಲ್ಲಿದ್ದು, 1602ರಲ್ಲಿ ಆತನ ಕೊಲೆಯಾದ ಮೇಲೆ ಅರಸನ ಸೇವೆಗೆ ಬಂದವನು.

ಇದು ಬಿಜಾಪುರದ ವೈಚಿತ್ರ್ಯವೇನೂ ಅಲ್ಲ. ಇಂಗ್ಲೆಂಡಿನ ಏಳನೆಯ ಹೆನ್ರಿಯ ಆಸ್ಥಾನದಲ್ಲಿ ಸ್ಪೇನಿನ ರಾಯಭಾರಿ ದೆ ಪುವೆಬ್ಲಾ ಇದಕ್ಕಿಂತಲೂ ದೀರ್ಘಕಾಲ ತಳವೂರಿ, ಅರಮನೆಯ ಊಟಕ್ಕೆ ಕಾಯುವವನೆಂದು ನಗೆಗೀಡಾಗಿದ್ದನು. ಆತನು ಕುದುರಿಸಿದ ಸಂಬಂಧ ಅರಾಗಾನಿನ ಕ್ಯಾಥರೀನಳದು. 1489ರ ಒಪ್ಪಂದದ ವೇಳೆಗೆ ಆ ಮಗುವಿಗೆ ಮೂರು ವರುಷ. 1499ರಲ್ಲಿ ಬ್ಯೂಡ್ಲಿಯಲ್ಲಿ ಯುವರಾಜ ಆರ್ಥರನೊಡನೆ ಪ್ರತಿನಿಧಿ ವಿವಾಹ ನಡೆದಾಗ ವಧುವಿನ ಸ್ಥಾನದಲ್ಲಿ ನಿಂತು ಒಪ್ಪಿಗೆ ನುಡಿದವನು ಈ ಮುದಿ ರಾಯಭಾರಿಯೇ! ಕ್ಯಾಥರೀನಳ ಮುಂದಿನ ಕಥೆ ಸಂತ ಥಾಮಸ್ ಮೋರರ ಚರಿತ್ರೆ ಬಲ್ಲ ನಿಮಗೆ ಗೊತ್ತಿರುವುದೇ. ಅವಳ ಭಾಗ್ಯವೆಂದರೆ ಅವಳ ಪತ್ರಗಳು ಉಳಿದಿವೆ. ಅವಳ ನೋವನ್ನು ಅವಳ ಮಾತಿನಲ್ಲೇ ಕೇಳಬಹುದು.

ಬಿಜಾಪುರದ ವಧುವಿನ ವಿಷಯದಲ್ಲಿ ನಮಗೆ ದಕ್ಕಿರುವುದು ಗಂಡಸರ ಬರಹ. ಅಸದ್ ಬೇಗನ ವೃತ್ತಾಂತದ ಆಯ್ದ ಭಾಗಗಳು ಎಲಿಯಟ್ ಮತ್ತು ಡೌಸನ್ನರ ಇಂಗ್ಲಿಷ್ ಸಂಪುಟಗಳಲ್ಲಿ ದೊರೆಯುತ್ತವೆ. ಓದಲು ಬಹು ಸೊಗಸು. ಬಿಜಾಪುರದ ಪೇಟೆಬೀದಿಯನ್ನು, ಅಂಗಡಿಗಳ ಸಾಲನ್ನು, ರತ್ನ ಸುಗಂಧಗಳ ರಾಶಿಯನ್ನು ಆತನು ಕಣ್ಣಿಗೆ ಕಟ್ಟುವಂತೆ ಬಣ್ಣಿಸುತ್ತಾನೆ. ಬಿಜಾಪುರದಲ್ಲಿ ಮೊದಲ ಸಲ ಕಂಡ ಹೊಗೆಸೊಪ್ಪನ್ನು ಅಂದವಾದ ಕೊಳವೆಯೊಡನೆ ಒಯ್ದು ಅಕ್ಬರನ ಮುಂದಿಟ್ಟದ್ದು, ಅರಸನು ಒಂದೆರಡು ಸಲ ಸೇದಿ ನೋಡಿದ್ದು, ವೈದ್ಯನು ತಡೆದದ್ದು, ಅಲ್ಲಿ ನಡೆದ ವಾಗ್ವಾದ ಎಲ್ಲವೂ ನಾಟಕದ ದೃಶ್ಯದಂತಿವೆ. ಈ ಪ್ರತಿಭೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮದುವೆಯ ಕಾರ್ಯಕ್ಕೆ ಹೋದವನ ಬರಹದಿಂದ ಲೋಕವು ನೆನಪಿಟ್ಟುಕೊಂಡದ್ದು ಹೊಗೆಸೊಪ್ಪನ್ನು! ಇದರಲ್ಲಿ ಓದುಗರ ಪಾಲೂ ಇಲ್ಲದಿಲ್ಲ.

ಎರಡನೆಯವನು ಫೆರಿಶ್ತಾ, ದಖ್ಖನಿನ ಚರಿತ್ರೆಗೆ ಆಧಾರಸ್ತಂಭವೆನಿಸಿದ ಗ್ರಂಥದ ಕರ್ತೃ, ಇಬ್ರಾಹಿಮನ ಆಶ್ರಿತ. 1604ರಲ್ಲಿ ದಿಬ್ಬಣ ಹೊರಟಾಗ ವಧುವಿನ ಜೊತೆಯಲ್ಲಿ ಹೋದವರಲ್ಲಿ ಈತನೂ ಒಬ್ಬ. ಗೋದಾವರಿಯ ದಡದ ಪೈಠಣದಲ್ಲಿ ವಿವಾಹ ನೆರವೇರಿತು. ಪಲ್ಲಕ್ಕಿಯ ಜೊತೆಗೆ ಅಷ್ಟು ದೂರ ಸಾಗಿದ ಲೇಖಕನು ಇದಕ್ಕೆ ಕೊಟ್ಟ ಜಾಗ ಕೆಲವೇ ಸಾಲು. ಒಡನೆಯೇ ಆಗ್ರಾಕ್ಕೆ ಸಾಗಿದ ಕಪ್ಪಕಾಣಿಕೆಯ ವೈಭವದತ್ತ ಲೇಖನಿ ಓಡುತ್ತದೆ.

ಪರದೆಯ ಮರೆಯ ಹೆಣ್ಣನ್ನು ಕುರಿತು ಅವನಾದರೂ ಏನು ಬರೆದಾನು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಫೆರಿಶ್ತಾ ಬರೆಯಬಲ್ಲವನು. ಚಾಂದ್ ಬೀಬಿಯ ಪುಟಗಳನ್ನು ತೆರೆದು ನೋಡಿ. ಅಹಮದನಗರದ ಹುಸೇನ್ ನಿಜಾಮಶಹನ ಈ ಮಗಳೂ ಸಂಧಾನದ ವಸ್ತುವಾಗಿಯೇ ಬಿಜಾಪುರಕ್ಕೆ ಬಂದವಳು. ಗೋಲ್ಕೊಂಡದ ಮುಸ್ತಫಾ ಖಾನನು ಮಧ್ಯಸ್ಥನಾಗಿ ಓಡಾಡಿ, 1564ರಲ್ಲಿ ಅವಳನ್ನು ಅಲಿ ಆದಿಲಶಹನಿಗೆ, ಅಲಿಯ ತಂಗಿಯನ್ನು ಅವಳ ಸಹೋದರ ಮುರ್ತಜಾನಿಗೆ ಕೊಟ್ಟು ತರುವ ಏರ್ಪಾಡಾಯಿತು. ಸೊಲ್ಲಾಪುರದ ಕೋಟೆ ಬಳುವಳಿ. ಆ ಕೊಡುಕೊಳ್ಳುವಿಕೆಯ ಬಲದಿಂದ ಒಂದಾದ ಸುಲ್ತಾನರು 1565ರ ಜನವರಿಯಲ್ಲಿ ವಿಜಯನಗರವನ್ನು ಮುರಿದರು. 1580ರಲ್ಲಿ ವಿಧವೆಯಾದ ಚಾಂದ್ ಬೀಬಿ ಒಂಬತ್ತು ವರುಷದ ಬಾಲಕ ಇಬ್ರಾಹಿಮನ ಪಾಲಕಿಯಾಗಿ ನಿಂತಳು. ಮುಂದೆ ತವರಿಗೆ ಹಿಂದಿರುಗಿ, 1595-96ರಲ್ಲಿ ಅಕ್ಬರನ ಮಗ ಮುರಾದನ ಸೈನ್ಯವು ಅಹಮದನಗರದ ಗೋಡೆಯನ್ನು ಸಿಡಿಸಿದಾಗ, ಮುಸುಕು ಧರಿಸಿ ಕತ್ತಿ ಹಿಡಿದು ಆ ಬಿರುಕಿಗೆ ತಾನೇ ಬಂದು ನಿಂತಳು. ಫೆರಿಶ್ತಾನ ಗದ್ಯ ಅಲ್ಲಿ ಮೈಕೊಡವಿ ಏಳುತ್ತದೆ.

1600ರಲ್ಲಿ ಎರಡನೆಯ ಮುತ್ತಿಗೆ. ಸಂಧಿಗೆ ಒಲವು ತೋರಿದಳೆಂಬ ಕಾರಣಕ್ಕೆ ಅವಳನ್ನು ಅವಳ ಕಡೆಯವರೇ ಕೊಂದರು, ಕೋಟೆ ಬಿತ್ತು. ಆ ಮುತ್ತಿಗೆಯ ನಾಯಕ ಇದೇ ದಾನಿಯಾಲ. ನಮ್ಮ ವರಸೆಯಲ್ಲಿ ಹೇಳುವುದಾದರೆ ಚಾಂದ್ ಬೀಬಿ ಇಬ್ರಾಹಿಮನಿಗೆ ದೊಡ್ಡಮ್ಮ, 1604ರ ವಧುವಿಗೆ ಅಜ್ಜಿ. ಅಜ್ಜಿಯ ಕೋಟೆಯನ್ನು ಮುತ್ತಿದವನ ಕೈಗೆ ನಾಲ್ಕೇ ವರುಷದಲ್ಲಿ ಮೊಮ್ಮಗಳು! ಎರಡೂ ಸಂಗತಿಗಳನ್ನು ಬಲ್ಲ ಫೆರಿಶ್ತಾ ಅವುಗಳ ನಡುವೆ ಒಂದು ನಿಟ್ಟುಸಿರನ್ನೂ ಇಡಲಿಲ್ಲ. ಅರಸನ ಅನ್ನ ಉಣ್ಣುವವನು ಅರಸನು ಮಾಡಿದ ಸಂಬಂಧದ ಮೇಲೆ ಟೀಕೆ ಬರೆಯಲಾರ. ನನ್ನ ಎಣಿಕೆಯಲ್ಲಿ ಅದು ಅವನ ಗ್ರಂಥದ ಅತ್ಯಂತ ದುರ್ಬಲವಾದ ಸ್ಥಳ.

ಧರ್ಮಸಭೆಯ ಕಾನೂನು ಪ್ರತಿನಿಧಿಯ ಮೂಲಕ ವಿವಾಹವಾಗಲು ಇಂದಿಗೂ ಎಡೆಯಿಟ್ಟಿದೆ. ಆದರೆ ಆ ಅಧಿಕಾರಪತ್ರಕ್ಕೆ ಮದುವೆಯಾಗುವ ವ್ಯಕ್ತಿಯೇ ಸಹಿ ಹಾಕಬೇಕು, ತಂದೆಯಲ್ಲ. ವಿವಾಹಕ್ಕೆ ಮುನ್ನ ನಿಮ್ಮ ಗುರುಗಳು ಹುಡುಗಿಯನ್ನು ಬೇರೆಯಾಗಿ ಕೂರಿಸಿ, "ನಿನ್ನ ಸ್ವಂತ ಇಷ್ಟದಿಂದಲೇ ಒಪ್ಪಿದೆಯಾ ಮಗಳೇ?" ಎಂದು ಕೇಳುವಾಗ ಹೊರಗೆ ಕಾಯುವ ತಾಯ್ತಂದೆಯರು ಚಡಪಡಿಸುವುದುಂಟು. ಛತ್ರ ಗೊತ್ತಾಗಿದೆ, ಒಡವೆ ಬಂದಾಗಿದೆ, ಈಗೇಕೆ ಈ ಪ್ರಶ್ನೆ ಎಂಬ ಮುಖಭಾವ. ಪೈಠಣದ ದಾರಿಯಲ್ಲಿ ಈ ಪ್ರಶ್ನೆಯನ್ನು ಯಾರಾದರೂ ಕೇಳಿದರೆಂದು ನಮ್ಮ ಇಬ್ಬರು ಲೇಖಕರೂ ಬರೆದಿಲ್ಲ.

ದಾನಿಯಾಲನು ಮಹಾ ಕುಡುಕ. ಅಕ್ಬರನು ಮದ್ಯವನ್ನು ನಿಷೇಧಿಸಿ ಕಾವಲಿಟ್ಟರೂ ಬಂದೂಕಿನ ನಳಿಗೆಯಲ್ಲಿ ಕದ್ದು ತರಿಸಿ ಕುಡಿದು, 1605ರಲ್ಲಿ, ಮದುವೆಯಾದ ವರುಷದೊಳಗೇ ಸತ್ತನು. ಇದನ್ನು ವಿವರವಾಗಿ ಬರೆದವನು ಅವನ ಅಣ್ಣ ಜಹಾಂಗೀರ್. ಆ ಬಂದೂಕಿಗೆ ಏನು ಹೆಸರಿತ್ತೆಂಬುದನ್ನೂ ಬರೆದಿದ್ದಾನೆ. ವಧುವನ್ನು ಫೆರಿಶ್ತಾ ಬೇಗಂ ಸುಲ್ತಾನ್ ಎಂದು ಕರೆಯುತ್ತಾನೆ. ಹೆಸರೋ ಬಿರುದೋ ತಿಳಿಯದ ಎರಡು ಪದ.