ಅಳೆಯೋ ಕೋಲು ಯಾರ ಕೈಯಲ್ಲಿದೆ?

ಕವಿತೆ ಬರೆಯೋ ನಿಮಗೆ ಅಂಕಿಅಂಶದ ಉಸಾಬರಿ ಯಾಕ್ರಯ್ಯಾ ಎಂದು ಕೇಳುವವರಿದ್ದಾರೆ. ಕತೆ, ಕಾದಂಬರಿ, ಕಾವ್ಯಗಳನ್ನು ಮಾತ್ರ ವಿಮರ್ಶೆ ಮಾಡಬೇಕು, ಸಮಾಜ ವಿಜ್ಞಾನಿಗಳ ಪ್ರಶ್ನಾವಳಿಗಳನ್ನೂ ಮಾಪಕಗಳನ್ನೂ ವಿಜ್ಞಾನ ಅಂತ ಕೈಮುಗಿದು ಒಪ್ಪಿಕೊಳ್ಳಬೇಕು ಎಂಬುದು ಇವರ ತಿಳುವಳಿಕೆ. ನಾವು ಇದನ್ನು ಒಪ್ಪುವುದಿಲ್ಲ. ಒಂದು ಕಾದಂಬರಿ ನಮ್ಮ ಕೇರಿಯನ್ನು ತಪ್ಪಾಗಿ ಚಿತ್ರಿಸಿದರೆ ನಮಗೆ ಸಿಟ್ಟು ಬರುತ್ತದೆ, ಜಗಳ ಆಡುತ್ತೇವೆ. ಒಂದು ಮಾಪಕ ನಮ್ಮ ಕೇರಿಯನ್ನು ತಪ್ಪಾಗಿ ಅಳೆದರೆ ನಮ್ಮ ಹುಡುಗರ ಹಾಸ್ಟೆಲ್ ಸೀಟು, ವಿದ್ಯಾರ್ಥಿ ವೇತನ, ನೌಕರಿ, ಮೀಸಲಾತಿಯ ಪಾಲು ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಆ ಪೆಟ್ಟು ಯಾರು ಕೊಟ್ಟರು ಅಂತಲೂ ಗೊತ್ತಾಗುವುದಿಲ್ಲ. ಹೀಗಿರುವಾಗ ಮಾಪಕವನ್ನು ಓದದೆ ಬಿಡುವುದು ಹೇಗೆ?

ಅಳತೆಯ ರಾಜಕೀಯ ನಮ್ಮ ಹಿರಿಯರಿಗೆ ಹೊಸದಲ್ಲ. ಗೌಡನ ಮನೆಯಲ್ಲಿ ರಾಗಿ ಸಾಲ ಕೊಡೋ ಬಳ್ಳ ಒಂದು, ಸುಗ್ಗಿಯಲ್ಲಿ ಅಳೆದುಕೊಳ್ಳೋ ಬಳ್ಳ ಇನ್ನೊಂದು ಎಂಬ ಮಾತು ನಮ್ಮ ಕೇರಿಗಳಲ್ಲಿ ಇನ್ನೂ ಇದೆ. ಅಕ್ಷರ ಬಾರದ ಅವರಿಗೆ ಬಳ್ಳದ ತಳ ತಟ್ಟಿ ನೋಡಬೇಕು ಅನ್ನೋದು ಗೊತ್ತಿತ್ತು. ನಮ್ಮ ಮನೆಗಳಲ್ಲಿ ಮೊದಲು ಡಿಗ್ರಿ ಕಂಡ ನಮಗೆ ಗೊತ್ತಿರಬೇಡವೇ?

ಮೊದಲು ಕುಪ್ಪುಸ್ವಾಮಿ ಮಾಪಕವನ್ನೇ ತೆಗೆದುಕೊಳ್ಳೋಣ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ. ಕುಪ್ಪುಸ್ವಾಮಿಯವರು ನಗರದ ಕುಟುಂಬಗಳಿಗಾಗಿ ರೂಪಿಸಿದ ಮಾಪಕ ಇದು. ಅವರ 1976ರ ಕೈಪಿಡಿಯ ಹೆಸರು ಹೇಳಿಕೊಂಡು ಇವತ್ತಿಗೂ ವೈದ್ಯಕೀಯ ಕಾಲೇಜುಗಳಲ್ಲಿ, ಸಮಾಜಕಾರ್ಯ ವಿಭಾಗಗಳಲ್ಲಿ ಪ್ರಬಂಧಗಳ ಮೇಲೆ ಪ್ರಬಂಧ ಬರುತ್ತಿವೆ. ಬೆಲೆ ಏರಿದ ಹಾಗೆಲ್ಲ ಆದಾಯದ ಅಂಕಿಗಳನ್ನು ತಿದ್ದಿಕೊಳ್ಳುತ್ತಾರೆ. ಇದರಲ್ಲಿ ಕೇಳುವುದು ಮೂರೇ ಪ್ರಶ್ನೆ. ಮನೆ ಯಜಮಾನ ಎಷ್ಟು ಓದಿದ್ದಾನೆ, ಅವನ ಕೆಲಸ ಏನು, ಮನೆಯ ತಿಂಗಳ ಆದಾಯ ಎಷ್ಟು. ಓದಿಗೆ 1ರಿಂದ 7, ಕೆಲಸಕ್ಕೆ 1ರಿಂದ 10, ಆದಾಯಕ್ಕೆ 1ರಿಂದ 12 ಅಂಕ. ಕೂಡಿದರೆ ಕಡಿಮೆ ಎಂದರೆ 3, ಹೆಚ್ಚು ಎಂದರೆ 29. 26ರಿಂದ ಮೇಲೆ ಮೇಲ್ವರ್ಗ, 5ಕ್ಕಿಂತ ಕೆಳಗೆ ಕೆಳವರ್ಗ, ನಡುವೆ ಮೂರು ಮೆಟ್ಟಿಲು.

ಈಗ ಇಬ್ಬರು ಗುಮಾಸ್ತರನ್ನು ಅಕ್ಕಪಕ್ಕ ನಿಲ್ಲಿಸೋಣ. ಒಬ್ಬ ಅಗ್ರಹಾರದವನು, ಒಬ್ಬ ಹೊಲಗೇರಿಯವನು. ಇಬ್ಬರೂ ಬಿ.ಎ. ಪಾಸಾದವರು, 6 ಅಂಕ. ಇಬ್ಬರದೂ ಗುಮಾಸ್ತಿಕೆ, 5 ಅಂಕ. ಸಂಬಳವೂ ಒಂದೇ, ಅದಕ್ಕೆ 6 ಅಂಕವೆಂದು ಇಟ್ಟುಕೊಳ್ಳಿ. ಇಬ್ಬರಿಗೂ 17. ಇಬ್ಬರೂ ಮೇಲ್ಮಧ್ಯಮ ವರ್ಗ. ಸಂಶೋಧಕ ಕೋಷ್ಟಕ ತುಂಬಿ ಎದ್ದು ಹೋಗುತ್ತಾನೆ. ಇದೇ ಇಬ್ಬರು ಮುಂದಿನ ಭಾನುವಾರ ಒಂದೇ ಬೀದಿಯಲ್ಲಿ ಬಾಡಿಗೆ ಮನೆ ಹುಡುಕಲಿ. 'ನೀವು ಯಾವ ಜನ?' ಎಂಬ ಪ್ರಶ್ನೆಗೆ ಆ 17ರಲ್ಲಿ ಉತ್ತರವಿಲ್ಲ. ಬಾಡಿಗೆ ಕೊಡುವ ಮನೆಯಾಕೆಗೆ ಗೊತ್ತಿರುವ ಸಮಾಜಶಾಸ್ತ್ರ ಈ ಮಾಪಕಕ್ಕೆ ಗೊತ್ತಿಲ್ಲ.

ಕೆಲಸದ ಅಂಕ ನೋಡಿ. ಮೂಟೆ ಹೊರುವವನೂ ಅಕುಶಲ ಕಾರ್ಮಿಕ, ಮಲದ ಗುಂಡಿಗೆ ಇಳಿಯುವವನೂ ಅಕುಶಲ ಕಾರ್ಮಿಕ. ಇಬ್ಬರಿಗೂ 2. ಸರ್ಕಾರ 1993ರಲ್ಲಿ ಒಮ್ಮೆ, 2013ರಲ್ಲಿ ಇನ್ನೊಮ್ಮೆ ಕಾಯಿದೆ ಮಾಡಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಬೇಕಾಯಿತು. ಮೂಟೆ ಹೊರುವುದನ್ನು ನಿಷೇಧಿಸಲು ಕಾಯಿದೆ ಬರಲಿಲ್ಲ. ಕಾಯಿದೆಗೆ ಕಂಡ ವ್ಯತ್ಯಾಸ ಮಾಪಕಕ್ಕೆ ಕಾಣಲಿಲ್ಲ. ಆ ಗುಂಡಿಗೆ ಅಪ್ಪನ ನಂತರ ಮಗನೇ ಯಾಕೆ ಇಳಿಯುತ್ತಾನೆ ಎಂದು ಕೇಳಲು ಅದರಲ್ಲಿ ಸಾಲೇ ಇಲ್ಲ.

ಕುಪ್ಪುಸ್ವಾಮಿಯವರು ಬೇಕೆಂದೇ ಹೀಗೆ ಮಾಡಿದರು ಎಂದು ನಾವು ಹೇಳುತ್ತಿಲ್ಲ. ಓದು, ಕೆಲಸ, ದುಡ್ಡು ಅಳೆಯಲಿಕ್ಕೆ ಈ ಕೋಲು ಸಾಕು. ನಮ್ಮ ತಕರಾರು ಇರುವುದು ಆ ಮೂರರ ಮೊತ್ತವನ್ನು 'ಸಾಮಾಜಿಕ ಸ್ಥಾನಮಾನ' ಎಂದು ಕರೆಯುವುದರ ಬಗ್ಗೆ. ಈ ದೇಶದಲ್ಲಿ ಜಾತಿಯನ್ನು ಬಿಟ್ಟು ಯಾವ ಸಾಮಾಜಿಕ ಸ್ಥಾನ? ಯಾವ ಮಾನ?

ಹಾಗಾದರೆ ಜಾತಿಯನ್ನೂ ಸೇರಿಸಿದರೆ ಆಯಿತಲ್ಲ ಎನ್ನಬಹುದು. ಸೇರಿಸಿದ್ದಾರೆ. 1964ರಲ್ಲಿ ಉದಯ್ ಪಾರೀಕ್ ಮತ್ತು ತ್ರಿವೇದಿ ಹಳ್ಳಿಗಳಿಗಾಗಿ ಮಾಡಿದ ಮಾಪಕದಲ್ಲಿ ಒಂಬತ್ತು ಬಾಬುಗಳಿವೆ. ಅದರಲ್ಲಿ ಜಾತಿಯೂ ಒಂದು. ಪರಿಶಿಷ್ಟ ಜಾತಿಗೆ 1 ಅಂಕ, ಅಲ್ಲಿಂದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ಊರಿನ ಪ್ರಬಲ ಜಾತಿಗೆ 6. ಕೃಷಿ ವಿಶ್ವವಿದ್ಯಾನಿಲಯಗಳ ಸಂಶೋಧನೆಯಲ್ಲಿ ಇದು ಬಹಳ ಓಡಾಡಿದ ಮಾಪಕ. ಜಾತಿ ಇದೆ ಎಂದು ಒಪ್ಪಿಕೊಂಡ ಮಟ್ಟಿಗೆ ಇದು ಪ್ರಾಮಾಣಿಕ. ಆದರೆ ಈ ಅಂಕವನ್ನು ಏನು ಮಾಡುತ್ತಾರೆ? ಜಮೀನು, ಮನೆ, ಎತ್ತು, ಗಾಡಿ, ಸೈಕಲ್ಲು, ರೇಡಿಯೋಗಳ ಅಂಕದ ಜೊತೆ ಕೂಡಿಸುತ್ತಾರೆ. ಕೂಡಿಸುವುದು ಅಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ ಎಂದು ಒಪ್ಪಿದಂತೆ. ಜಾತಿಯಲ್ಲಿ ಕಳೆದುಕೊಂಡ 5 ಅಂಕವನ್ನು ಜಮೀನಿನಲ್ಲೋ ಮನೆಯಲ್ಲೋ ದುಡಿದುಕೋ ಎಂದಂತೆ. ನಾವು ಕಂಡಿರುವುದೇ ಬೇರೆ. ಕೇರಿಯವನು ಜಮೀನು ಮಾಡಿಕೊಂಡು, ಹೆಂಚಿನ ಮನೆ ಕಟ್ಟಿ, ಬೈಕಿನಲ್ಲಿ ಊರೊಳಗೆ ಹೋದಾಗ ಅವನ ಸ್ಥಾನಮಾನ ಏರುವುದಿಲ್ಲ, ಊರಿನ ಸಿಟ್ಟು ಏರುತ್ತದೆ. ಮೊತ್ತ ಹೆಚ್ಚಾದಾಗಲೇ ಏಟು ಬೀಳುವ ಸಮಾಜವನ್ನು ಕೂಡುವ ಲೆಕ್ಕದಿಂದ ಅಳೆಯುವುದು ಹೇಗೆ ಸ್ವಾಮಿ?

ಎರಡೂ ಮಾಪಕಗಳ ಮೂಲದೋಷ ಒಂದೇ. ಇವು ಸದಾ ಕೊರತೆಯನ್ನು ಹುಡುಕುತ್ತವೆ, ಆ ಕೊರತೆಯನ್ನು ನಮ್ಮ ಮನೆಯೊಳಗೇ ಹುಡುಕುತ್ತವೆ. ಓದಿಲ್ಲ, ಭೂಮಿಯಿಲ್ಲ, ಕುರ್ಚಿಯಿಲ್ಲ, ಜಾತಿಯಲ್ಲಿ ಒಂದೇ ಅಂಕ. ಬಾಗಿಲು ಮುಚ್ಚಿದವರ ಮನೆಗೆ ಹೋಗಿ, ನೀವು ಯಾಕೆ ಮುಚ್ಚಿದಿರಿ, ಎಷ್ಟು ಸಲ ಮುಚ್ಚಿದಿರಿ ಎಂದು ಕೇಳುವುದಿಲ್ಲ. ಅಸ್ಪೃಶ್ಯತೆ ಒಬ್ಬರು ಇನ್ನೊಬ್ಬರಿಗೆ ಮಾಡುವ ಕೆಲಸ. ಅದನ್ನು ಮಾಡಿಸಿಕೊಂಡವರ ಗುಣ ಅಂತ ಬರೆದುಕೊಳ್ಳುವುದು ಎಂಥ ಅಳತೆ?

ಕೇಳಬಹುದು ಎನ್ನುವುದಕ್ಕೆ ಸಾಕ್ಷಿ ಇದೆ. 2011–12ರಲ್ಲಿ ದೇಶದ 42 ಸಾವಿರಕ್ಕೂ ಹೆಚ್ಚು ಮನೆಗಳಿಗೆ ಹೋದ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ ಪ್ರಶ್ನೆಯನ್ನು ತಿರುಗಿಸಿತು. ನಿಮ್ಮ ಮನೆಯಲ್ಲಿ ಯಾರಾದರೂ ಅಸ್ಪೃಶ್ಯತೆ ಆಚರಿಸುತ್ತಾರೆಯೇ ಎಂದು ನೇರವಾಗಿ ಕೇಳಿತು. ಇಲ್ಲ ಅಂದವರಿಗೆ ಎರಡನೇ ಪ್ರಶ್ನೆ: ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬಂದರೆ, ನಿಮ್ಮ ಪಾತ್ರೆ ಬಳಸಿದರೆ ತೊಂದರೆಯೇ? ಎರಡರಲ್ಲೊಂದಕ್ಕೆ ಹೌದು ಎಂದ ಮನೆಗಳು ನೂರಕ್ಕೆ 27. ಬ್ರಾಹ್ಮಣರ ಮನೆಗಳಲ್ಲಿ ಅರ್ಧಕ್ಕೂ ಹೆಚ್ಚು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿ ಅರವತ್ತು ವರ್ಷ ಕಳೆದ ಮೇಲೆ, ಮನೆಗೆ ಬಂದ ಅಪರಿಚಿತರ ಮುಂದೆ ಬಾಯಿಬಿಟ್ಟು ಒಪ್ಪಿಕೊಂಡವರ ಲೆಕ್ಕ ಇದು. ಒಪ್ಪಿಕೊಳ್ಳದೆ ಆಚರಿಸುವ ಜಾಣರು ಈ ಲೆಕ್ಕದ ಹೊರಗೆ.

ಅಂಥ ಜಾಣರನ್ನು ಹಿಡಿಯಲಿಕ್ಕೂ ದಾರಿ ಇದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಯಾರ ಬಾಯಿಮಾತನ್ನೂ ನಂಬಲಿಲ್ಲ. ಖಾಸಗಿ ಕಂಪನಿಗಳ ನೌಕರಿ ಜಾಹೀರಾತುಗಳಿಗೆ ಒಂದೇ ಮಟ್ಟದ ಓದು, ಒಂದೇ ಮಟ್ಟದ ಅನುಭವದ ಅರ್ಜಿಗಳನ್ನು ಕಳಿಸಿದರು. ಬೇರೆಯಾಗಿದ್ದದ್ದು ಹೆಸರು ಮಾತ್ರ: ಮೇಲ್ಜಾತಿಯದು, ದಲಿತರದು, ಮುಸ್ಲಿಮರದು. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಇಲ್ಲಿ ಅಳತೆಗೆ ಸಿಕ್ಕಿದ್ದು ಅರ್ಜಿ ಹಾಕಿದವನ ಯೋಗ್ಯತೆ ಅಲ್ಲ, ಅರ್ಜಿ ಓದಿದವನ ಮನಸ್ಸು. ಮೆರಿಟ್ ಮೆರಿಟ್ ಎಂದು ಎದೆ ಬಡಿದುಕೊಳ್ಳುವವರು ಈ ಅಧ್ಯಯನವನ್ನು ಒಮ್ಮೆ ಓದಬೇಕು.

ಹಳ್ಳಿ ಮೇಷ್ಟರುಗಳಾದ ನಮ್ಮ ಗೆಳೆಯರು ಇನ್ನೊಂದನ್ನು ಗಮನಿಸಬೇಕು. ಅಳೆಯುವ ರೀತಿಯೇ ಅಳೆಯಿಸಿಕೊಳ್ಳುವವನನ್ನು ಕುಗ್ಗಿಸಬಲ್ಲದು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಆರು, ಏಳನೇ ತರಗತಿಯ 642 ಹುಡುಗರಿಗೆ, ಅಂದರೆ 321 ಮೇಲ್ಜಾತಿ, 321 ಕೆಳಜಾತಿ ಹುಡುಗರಿಗೆ, ಕಾಗದದ ಮೇಲಿನ ಚಕ್ರವ್ಯೂಹಗಳನ್ನು ಬಿಡಿಸಲು ಕೊಟ್ಟರು. 2004ರಲ್ಲಿ ವರದಿ ಬಂತು. ಜಾತಿ ಎತ್ತದೆ ಕೂರಿಸಿದಾಗ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಎಲ್ಲರ ಮುಂದೆ ಹೆಸರು, ಅಪ್ಪನ ಹೆಸರು, ಜಾತಿ ಕೂಗಿ ಕೂರಿಸಿದಾಗ ನಮ್ಮ ಹುಡುಗರು ಬಿಡಿಸಿದ್ದು ಸುಮಾರು ಐದರಲ್ಲಿ ಒಂದು ಪಾಲು ಇಳಿದುಹೋಯಿತು. ಮಿದುಳು ಅದೇ, ಕಾಗದ ಅದೇ, ಪೆನ್ಸಿಲ್ ಅದೇ. 'ಎಸ್ಸಿ ಎಸ್ಟಿ ಹುಡುಗ್ರು ಎದ್ದು ನಿಂತ್ಕೊಳ್ರೋ' ಎಂಬ ಕೂಗನ್ನು ತರಗತಿಯಲ್ಲಿ ಕೇಳಿ ಬೆಳೆದ ನಮಗೆ ಇದು ಆಶ್ಚರ್ಯ ತರುವುದಿಲ್ಲ. ವಿದ್ಯಾರ್ಥಿ ವೇತನದ ಪಟ್ಟಿ ಮಾಡಲು ಕೂಗುತ್ತಾರೆ, ಅದೇ ವಾರ ಪರೀಕ್ಷೆ ಇಡುತ್ತಾರೆ, ಕಡಿಮೆ ಅಂಕ ಬಂದರೆ ಹುಡುಗನ ಬುದ್ಧಿಯೇ ಮಂದ ಎನ್ನುತ್ತಾರೆ. ಕೂಗಿದವರ ದನಿ ಅಂಕಪಟ್ಟಿಯಲ್ಲಿ ಎಲ್ಲೂ ನಮೂದಾಗುವುದಿಲ್ಲ.

ಅಂಕಿಯ ಜಗಳ ಅಧಿಕಾರದ ಜಗಳ ಎಂಬುದನ್ನು ಅಂಬೇಡ್ಕರ್ ಚೆನ್ನಾಗಿ ಅರಿತಿದ್ದರು. 1911ರ ಜನಗಣತಿಯಲ್ಲಿ ಅಸ್ಪೃಶ್ಯರನ್ನು ಗುರುತಿಸಲು ಹತ್ತು ಕುರುಹುಗಳನ್ನು ಕೊಟ್ಟಿದ್ದರು. ಗುಡಿಯ ಒಳಗೆ ಬಿಡುತ್ತಾರೆಯೇ, ಮುಟ್ಟಿದರೆ ಮೈಲಿಗೆ ಎನ್ನುತ್ತಾರೆಯೇ, ಬ್ರಾಹ್ಮಣ ಪುರೋಹಿತ ಬರುತ್ತಾನೆಯೇ ಎಂಬಂಥವು. ಅಂಬೇಡ್ಕರ್ ತಮ್ಮ ಬರಹದಲ್ಲಿ ಈ ಪಟ್ಟಿಯನ್ನು ಎತ್ತಿಕೊಂಡು ಚರ್ಚಿಸಿದರು. 1932ರಲ್ಲಿ ಮತದಾನದ ಹಕ್ಕಿನ ಲೋಥಿಯನ್ ಸಮಿತಿ ಬಂದಾಗ, ನಮ್ಮ ಪ್ರಾಂತ್ಯದಲ್ಲಿ ಅಸ್ಪೃಶ್ಯರೇ ಇಲ್ಲ, ಇದ್ದರೂ ಬೆರಳೆಣಿಕೆ ಎಂದು ಸವರ್ಣೀಯರು ವಾದ ಹೂಡಿದ್ದನ್ನೂ ಅವರು ದಾಖಲಿಸಿದ್ದಾರೆ. ನೀರು ಕೊಡದಿರುವಾಗ ಕೋಟಿಗಟ್ಟಲೆ ಕಂಡವರು, ಓಟು ಕೊಡಬೇಕಾದಾಗ ಮಾಯವಾದರು.

ಈಗ ನಮ್ಮ ರಾಜ್ಯಕ್ಕೆ ಬರೋಣ. ಒಳಮೀಸಲಾತಿ ಮಾಡಬಹುದು ಎಂದು ಸುಪ್ರೀಂ ಕೋರ್ಟು 2024ರ ಆಗಸ್ಟ್ 1ರಂದು ತೀರ್ಪು ಕೊಟ್ಟ ಮೇಲೆ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ 2025ರ ಮೇ ತಿಂಗಳಲ್ಲಿ 101 ಪರಿಶಿಷ್ಟ ಜಾತಿಗಳ ಸಮೀಕ್ಷೆ ಶುರುಮಾಡಿತು. ಮನೆಮನೆಗೆ ಹೋದವರಲ್ಲಿ ಮೇಷ್ಟರುಗಳೇ ಹೆಚ್ಚು. ಇಲ್ಲಿ ಒಂದು ಗಂಟು ಎದುರಾಯಿತು. ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂಬ ಹೆಸರುಗಳನ್ನು ನಮ್ಮ ಹಿರಿಯರು ಬೈಗುಳವಾಗಿದ್ದ ಹೆಸರುಗಳನ್ನು ಒದರಿಕೊಳ್ಳಲು ಇಟ್ಟುಕೊಂಡರು. ಒಂದು ಜಿಲ್ಲೆಯಲ್ಲಿ ಆದಿ ಕರ್ನಾಟಕ ಅಂದರೆ ಹೊಲೆಯರು, ಇನ್ನೊಂದರಲ್ಲಿ ಮಾದಿಗರು. ಸುಮಾರು 4.75 ಲಕ್ಷ ಜನ ಇಷ್ಟೇ ಹೆಸರು ಹೇಳಿ ಮೂಲಜಾತಿ ಹೇಳದೆ ನಿಂತರು. ಆಯೋಗ ಅವರಿಗೆ ಪ್ರತ್ಯೇಕ ಗುಂಪು, ನೂರಕ್ಕೆ 1ರ ಪಾಲು ಸೂಚಿಸಿತು. ಆಗಸ್ಟ್ 19ರಂದು ಸಚಿವ ಸಂಪುಟ ಅದನ್ನು ಬಿಟ್ಟು 6, 6, 5 ಎಂದು ಮೂರು ಪಾಲು ಮಾಡಿತು.

ಕೆಲವರು ಇದನ್ನು ಜನರ ಅಜ್ಞಾನ ಎಂದರು. ಬೆಂಗಳೂರಿನ ವಠಾರದಲ್ಲಿ, ಮಾಲೀಕನ ಹೆಂಡತಿ ಬಾಗಿಲಲ್ಲಿ ನಿಂತಿರುವಾಗ, ಮೊಬೈಲ್ ಹಿಡಿದು ಬಂದವರು ಗಟ್ಟಿಯಾಗಿ 'ನಿಮ್ಮ ಮೂಲಜಾತಿ ಯಾವುದು' ಎಂದರೆ ನಮ್ಮವರು ಏನು ಹೇಳಬೇಕು? ಹೇಳಿದರೆ ಮನೆ ಹೋಗುತ್ತದೆ, ಹೇಳದಿದ್ದರೆ ಪಾಲು ಹೋಗುತ್ತದೆ. ಲೆಕ್ಕದ ಭಾಷೆಯಲ್ಲಿ ಅದು ಖಾಲಿ ಕಾಲಂ. ನಮ್ಮ ಪ್ರಕಾರ ಆ ಕಾಲಂ ತುಂಬಿದೆ. ಅದರಲ್ಲಿ ಭಯ ಎಂದು ಬರೆದಿದೆ. ಅದನ್ನು ಓದಬಲ್ಲ ಸಮಾಜ ವಿಜ್ಞಾನ ನಮಗೆ ಬೇಕು.

ಹಾಗಂತ ಲೆಕ್ಕವೇ ಬೇಡ ಅಂತಲ್ಲ. ಎಣಿಸಬೇಡಿ, ಎಣಿಸಿದರೆ ಜಾತಿ ಬೆಳೆಯುತ್ತೆ ಎನ್ನುವವರ ಹುನ್ನಾರ ನಮಗೆ ಗೊತ್ತಿದೆ. ಎಣಿಕೆ ಬೇಕು, ರೀತಿ ಬದಲಾಗಬೇಕು. ನಮ್ಮ ಹಳ್ಳಿಗಳಲ್ಲಿ ಸಮೀಕ್ಷೆ ಮಾಡುವ ವಿದ್ಯಾರ್ಥಿಗಳು, ಕಾರ್ಯಕರ್ತರು ಈ ಕೆಲವನ್ನಾದರೂ ಪಾಲಿಸಬಹುದು. ಕೇರಿಗೆ ಹೋದ ದಿನವೇ ಊರೊಳಕ್ಕೂ ಹೋಗಿ, ಎರಡು ಕಡೆಯೂ ಕೇಳಿ. ಗುಡಿ, ಬಾವಿ, ಹೋಟೆಲ್ ಲೋಟ, ಕ್ಷೌರದಂಗಡಿ, ಬಾಡಿಗೆ ಮನೆ, ಸ್ಮಶಾನ ಇವುಗಳಲ್ಲಿ ಯಾವ ಬಾಗಿಲು ಮುಚ್ಚಿದೆ, ಮುಚ್ಚಿದವರು ಯಾರು ಎಂದು ಬಿಡಿಬಿಡಿಯಾಗಿ ಬರೆಯಿರಿ, ಕೂಡಿಸಿ ಒಂದು ಅಂಕ ಮಾಡಬೇಡಿ. ಯಜಮಾನನನ್ನಷ್ಟೇ ಕೇಳಿ ಬರಬೇಡಿ. ನೀರಿಗೆ ಹೋಗುವವಳು ಹೆಂಗಸು, ಕೊಡ ಎತ್ತಿಟ್ಟುಕೋ ಎಂಬ ಮಾತು ಬೀಳುವುದು ಅವಳ ಕಿವಿಗೆ. ನಮ್ಮ 101 ಜಾತಿಗಳ ನಡುವೆ ಯಾರು ಯಾರ ಮನೆಯಲ್ಲಿ ಉಣ್ಣುವುದಿಲ್ಲ ಎಂಬುದನ್ನೂ ಕೇಳಿ, ಉತ್ತರ ಕಹಿಯಾದರೂ ಬರೆದುಕೊಳ್ಳಿ. ಜಾತಿಯನ್ನು ಗುಟ್ಟಾಗಿ ಕೇಳಿ, ಕೂಗಬೇಡಿ. ಕೊನೆಗೆ ಬರೆದುಕೊಂಡದ್ದನ್ನು ಕೇರಿಯಲ್ಲೇ ಕೂತು ಓದಿ ಹೇಳಿ. ನಮ್ಮಿಂದ ಉತ್ತರ ಪಡೆದು ಡಾಕ್ಟರೇಟ್ ಮಾಡಿಕೊಂಡು ಮತ್ತೆ ಈ ಕಡೆ ತಲೆಹಾಕದವರನ್ನು ಬೇಕಾದಷ್ಟು ಕಂಡಿದ್ದೇವೆ.

ಇನ್ನು ಮುಂದೆ ಯಾರಾದರೂ ಫಾರಂ ಹಿಡಿದುಕೊಂಡು ಹಟ್ಟಿಗೆ ಬಂದರೆ ನೀರು ಕೊಡೋಣ, ಚಾಪೆ ಹಾಸೋಣ. ಕುಡಿಯುತ್ತಾರೋ ಇಲ್ಲವೋ, ಕೂರುತ್ತಾರೋ ಇಲ್ಲವೋ ನೋಡೋಣ. ಆಮೇಲೆ ಆ ಫಾರಂ ಇಸಿದುಕೊಂಡು, ಅದರ ಪ್ರಶ್ನೆಗಳನ್ನು ಮೊದಲಿಂದ ಕೊನೆತನಕ ನಾವೇ ಜೋರಾಗಿ ಓದೋಣ. ಓದಲು ಬರುವ ಒಬ್ಬರಾದರೂ ಈಗ ಪ್ರತಿ ಕೇರಿಯಲ್ಲೂ ಇದ್ದಾರೆ.