ಒಡೆದ ದನಿಯನ್ನು ತೂಗುವುದು ಹೇಗೆ? ವಾಲ್ವ್ ಗಿಟಾರ್ ಆಂಪ್ಲಿಫೈಯರ್‌ಗಳ ಒಂದು ವಿಮರ್ಶೆ

ಊರ ಜಾತ್ರೆಯಲ್ಲಿ ಮೈಕ್ ಸೆಟ್ಟಿನ ದನಿ ಒಡೆದರೆ ನಾವು ಕಿವಿ ಮುಚ್ಚಿಕೊಳ್ಳುತ್ತೇವೆ. 'ಸ್ವಲ್ಪ ಕಡಿಮೆ ಮಾಡಪ್ಪಾ' ಎಂದು ಆಪರೇಟರಿಗೆ ಹೇಳುತ್ತೇವೆ. ಭದ್ರಾವತಿ ಆಕಾಶವಾಣಿಯನ್ನು ವಾಲ್ವ್ ರೇಡಿಯೋದಲ್ಲಿ ಕೇಳುತ್ತಿದ್ದ ಕಾಲದಲ್ಲಿ ದನಿ ಒಡೆಯಿತೆಂದರೆ ಸೆಟ್ಟು ರಿಪೇರಿಗೆ ಬಂತೆಂದೇ ಅರ್ಥ. ಆದರೆ ರಾಕ್ ಮತ್ತು ಮೆಟಲ್ ಸಂಗೀತದ ಗಿಟಾರ್ ವಾದಕರಿಗೆ ಬೇಕಾದದ್ದೇ ಈ ಒಡೆದ ದನಿ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ನುಡಿಸಿದಾಗ ಸಹಸ್ರಾರು ಯುವಜನರು ಕೇಳಲು ನೆರೆದದ್ದೂ ಇದನ್ನೇ. ಈಗ ಆಯನೂರಿನಿಂದ ಶಿವಮೊಗ್ಗದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ಹುಡುಗರೂ ಕೇಳುತ್ತಾರೆ: 'ಸಾರ್, ವಾಲ್ವ್ ಆಂಪ್ಲಿಫೈಯರ್‌ಗಳಲ್ಲಿ ಯಾವುದು ಒಳ್ಳೆಯದು?'

ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ಚಾಲ್ತಿಯಲ್ಲಿವೆ. ವಾದಕರು 'ಇದು ಬೆಚ್ಚಗಿದೆ', 'ಅದು ಬಿಗಿಯಾಗಿದೆ', 'ಇನ್ನೊಂದು ಬೆರಳಿನ ಮಾತು ಕೇಳುತ್ತದೆ' ಎನ್ನುತ್ತಾರೆ. ಅಳತೆಯ ಮಂದಿ ಇದೆಲ್ಲ ಭ್ರಮೆ, ಆಸಿಲೋಸ್ಕೋಪಿನಲ್ಲಿ ಕಾಣುವುದಷ್ಟೇ ನಿಜ ಎನ್ನುತ್ತಾರೆ. ಎರಡೂ ಉತ್ತರಗಳು ಅರ್ಧಕ್ಕೆ ನಿಲ್ಲುತ್ತವೆ ಎಂಬುದು ನನ್ನ ಅಭಿಪ್ರಾಯ. ವಾದಕರ ಮಾತಿಗೆ ಭೌತಿಕ ಕಾರಣಗಳಿವೆ. ಆದರೆ ಆ ಕಾರಣಗಳು ಅವರು ಹುಡುಕುವ ಜಾಗದಲ್ಲಿ ಇಲ್ಲ. ಒಂದೊಂದಾಗಿ ನೋಡೋಣ.

ದನಿ ಒಡೆಯುವುದು ಎಲ್ಲಿ?

ಗಿಟಾರಿನ ತಂತಿಯ ಕೆಳಗಿರುವ ಪಿಕಪ್ ಸುರುಳಿ ಕೊಡುವ ವಿಭವ ಸುಮಾರು 0.1 ವೋಲ್ಟ್ ಎನ್ನಿ. ಇಸಿಸಿ 83 ಎಂಬ ಜನಪ್ರಿಯ ವಾಲ್ವಿನ ಒಂದು ಹಂತ ಅದನ್ನು ಸುಮಾರು 50 ಪಟ್ಟು ವರ್ಧಿಸಬಲ್ಲದು. ಒಂದು ಹಂತ ದಾಟಿದಾಗ 5 ವೋಲ್ಟ್. ಎರಡನೆಯದು ದಾಟಿದಾಗ 250 ವೋಲ್ಟ್. ಮೂರನೆಯ ಹಂತ ಇದನ್ನು 12,500 ವೋಲ್ಟ್ ಮಾಡಬೇಕು. ಆದರೆ ಅದಕ್ಕೆ ಸಿಗುವ ಪೂರೈಕೆಯೇ ಸುಮಾರು 300 ವೋಲ್ಟ್! ಆದ್ದರಿಂದ ಅಲೆಯ ತಲೆಯೂ ಬುಡವೂ ಕತ್ತರಿಸಿಹೋಗುತ್ತವೆ. ದನಿ ಒಡೆಯುವುದೆಂದರೆ ಇದೇ. ಅಧಿಕ ವರ್ಧನೆಯ, ಅಂದರೆ 'ಹೈ ಗೇನ್' ಆಂಪ್ಲಿಫೈಯರ್‌ಗಳಲ್ಲಿ ನಾಲ್ಕೈದು ಹಂತಗಳನ್ನು ಸಾಲಾಗಿ ಜೋಡಿಸಿ, ನಡುನಡುವೆ ಸಂಕೇತವನ್ನು ಬೇಕೆಂದೇ ತಗ್ಗಿಸಿ, ಕತ್ತರಿಕೆಯನ್ನು ಹಂತಹಂತವಾಗಿ ಮಾಡಿಸುತ್ತಾರೆ.

ಅಲೆಯ ಎರಡೂ ತುದಿಗಳು ಒಂದೇ ರೀತಿ ಕತ್ತರಿಸಿದರೆ ಬೆಸ ಸಂಖ್ಯೆಯ ಮೇಲ್ಸ್ವರಗಳು ಹುಟ್ಟುತ್ತವೆ. ಒಂದು ತುದಿ ಮೊದಲೇ ಕತ್ತರಿಸಿದರೆ ಸಮ ಸಂಖ್ಯೆಯವೂ ಸೇರಿಕೊಳ್ಳುತ್ತವೆ. 1981ರ ಮಾರ್ಷಲ್ ಜೆಸಿಎಂ 800 ಮಾದರಿಯಲ್ಲಿ ಒಂದು ಹಂತದ ಕ್ಯಾಥೋಡಿಗೆ 10 ಕಿಲೋ ಓಮ್ ರೋಧಕ ಹಾಕಿ ವಾಲ್ವನ್ನು ಆರುವ ಅಂಚಿನಲ್ಲೇ ಇರಿಸಿದ್ದಾರೆ. ಹೀಗಾಗಿ ಅಲೆಯ ಒಂದು ಪಾರ್ಶ್ವ ಬೇಗ ಕತ್ತರಿಸುತ್ತದೆ. ಅಮೆರಿಕದ ಮೈಕ್ ಸೋಲ್ಡಾನೋ 1987ರಲ್ಲಿ ಹೊರತಂದ ಎಸ್‌ಎಲ್‌ಒ 100ರಲ್ಲಿ ಈ ರೋಧಕ 39 ಕಿಲೋ ಓಮ್. ಗಾಜಿನೊಳಗೆ ಯಾವ ಮಂತ್ರವೂ ಇಲ್ಲ; ಕೆಲವು ಪೈಸೆ ಬೆಲೆಯ ರೋಧಕವೇ ಒಂದು ಆಂಪ್ಲಿಫೈಯರಿನ ಹೆಸರನ್ನು ಬೆಳಗಿಸಿದೆ.

ತಂಬೂರಿಯ ಸಾಕ್ಷ್ಯ

ಸಮ ಮೇಲ್ಸ್ವರಗಳು ಯಾಕೆ ಹಿತ? ನಮ್ಮ ತಂಬೂರಿಯನ್ನೇ ಕೇಳಿ. ಕುದುರೆಯ ಮೇಲೆ, ತಂತಿಯ ಕೆಳಗೆ ಜೀವಾಳದ ಎಳೆಯನ್ನು ಅತ್ತಿತ್ತ ಸರಿಸುತ್ತ ಹೋದರೆ ಒಂದು ಜಾಗದಲ್ಲಿ ನಾದ ಥಟ್ಟನೆ ಅರಳುತ್ತದೆ. ತಂತಿಯು ಬಾಗಿದ ಕುದುರೆಯನ್ನು ತಾಗುತ್ತ ಬಿಡುತ್ತ ಕಂಪಿಸುವುದರಿಂದ ಹೊಸ ಮೇಲ್ಸ್ವರಗಳು ಹುಟ್ಟುತ್ತವೆ. ಮೀಟಿದ ಬಿಂದುವಿನಿಂದಾಗಿ ಕೇಳಿಸಬಾರದಾಗಿದ್ದ ಮೇಲ್ಸ್ವರಗಳು ಕೂಡ ವೀಣೆ-ತಂಬೂರಿಗಳಲ್ಲಿ ಕೇಳಿಸುತ್ತವೆ ಎಂಬುದನ್ನು ಸರ್ ಸಿ.ವಿ. ರಾಮನ್ 1921ರಲ್ಲೇ ತೋರಿಸಿದ್ದರು. ಷಡ್ಜವನ್ನಷ್ಟೇ ಮೀಟಿದರೂ ತಂಬೂರಿಯಿಂದ ಸ್ವಯಂಭೂ ಗಾಂಧಾರ ಕೇಳುವುದು ಸಂಗೀತಗಾರರಿಗೆ ಪರಿಚಿತ ಸಂಗತಿ.

ಈಗ ಒಂದು ಸಣ್ಣ ಲೆಕ್ಕ. ಮೆಟಲ್ ವಾದಕರು ಬಹುಮಟ್ಟಿಗೆ ಷಡ್ಜ-ಪಂಚಮಗಳನ್ನಷ್ಟೇ ಜೊತೆಗೂಡಿಸಿ ನುಡಿಸುತ್ತಾರೆ. 110 ಮತ್ತು 165 ಹರ್ಟ್ಸ್ ಆವೃತ್ತಿಯ ಎರಡು ಸ್ವರಗಳನ್ನು ತೆಗೆದುಕೊಳ್ಳಿ. ಅಸಮವಾಗಿ ಕತ್ತರಿಸುವ ಹಂತದಲ್ಲಿ ಇವುಗಳ ವ್ಯತ್ಯಾಸವೂ ಮೊತ್ತವೂ ಹುಟ್ಟುತ್ತವೆ. ವ್ಯತ್ಯಾಸ 55 ಹರ್ಟ್ಸ್, ಅಂದರೆ ಒಂದು ಸ್ಥಾಯಿ ಕೆಳಗಿನ ಷಡ್ಜ. ಮೊತ್ತ 275 ಹರ್ಟ್ಸ್. ಇದನ್ನು ಮೇಲಿನ ಷಡ್ಜವಾದ 220ರಿಂದ ಭಾಗಿಸಿದರೆ 1.25; ಅದು ಶುದ್ಧ ಅಂತರ ಗಾಂಧಾರವೇ! ಯಾರೂ ನುಡಿಸದ ಗಾಂಧಾರ ತಾನಾಗಿ ಬಂದಿದೆ.

ಬದಲಾಗಿ ಗಿಟಾರಿನ ಫ್ರೆಟ್ಟಿನ ಮೇಲಿರುವ ಗಾಂಧಾರವನ್ನು ಬೆರಳಿನಿಂದಲೇ ನುಡಿಸಿದರೆ ಅದರ ಆವೃತ್ತಿ 138.6 ಹರ್ಟ್ಸ್. ಅದರ ನಾಲ್ಕನೆಯ ಮೇಲ್ಸ್ವರ 554.4, ಷಡ್ಜದ ಐದನೆಯದು 550. ಇವೆರಡೂ ಸೆಕೆಂಡಿಗೆ ನಾಲ್ಕು ಬಾರಿಗೂ ಹೆಚ್ಚು ಕಾದಾಡುತ್ತವೆ. ಸ್ವಚ್ಛ ದನಿಯಲ್ಲಿ ಅಡಗಿರುವ ಈ ಜಗಳವನ್ನು ಕತ್ತರಿಕೆ ಎತ್ತಿ ತೋರಿಸುತ್ತದೆ. ಒಳ್ಳೆಯ ಹೈ ಗೇನ್ ಆಂಪ್ಲಿಫೈಯರಿನ ಮೊದಲ ಪರೀಕ್ಷೆ ಇಲ್ಲಿದೆ: ಎರಡು ಸ್ವರ ಕೊಟ್ಟಾಗ ಮೂರನೆಯದು ಅರಳುತ್ತದೋ, ಬರೀ ಗರಗರ ಕೇಳುತ್ತದೋ?

ಬಿಗಿ ಮತ್ತು ಸಡಿಲ

'ಬಿಗಿ' ಎಂಬ ಹೊಗಳಿಕೆಯ ಗುಟ್ಟು ಶೋಧಕಗಳಲ್ಲಿದೆ. ಮಂದ್ರದ ಆವೃತ್ತಿಗಳನ್ನು ಕತ್ತರಿಕೆಗೆ ಮುಂಚೆ ತಗ್ಗಿಸಿದರೆ ದನಿ ಚುರುಕಾಗುತ್ತದೆ. ತಗ್ಗಿಸದಿದ್ದರೆ ಅವು ಉಳಿದೆಲ್ಲವನ್ನೂ ತಮ್ಮ ಜೊತೆ ಎಳೆದಾಡಿ ರಾಡಿ ಮಾಡುತ್ತವೆ. ಜೆಸಿಎಂ 800ರ ಮುಂದೆ ಟ್ಯೂಬ್ ಸ್ಕ್ರೀಮರ್ ಎಂಬ ಪುಟ್ಟ ಪೆಡಲ್ ಇಡುವ ರೂಢಿ ಬಂದದ್ದು ಇದಕ್ಕಾಗಿಯೇ. ಅದು 720 ಹರ್ಟ್ಸ್‌ಗಿಂತ ಕೆಳಗಿನ ಭಾಗಕ್ಕೆ ಕಡಿಮೆ ವರ್ಧನೆ ಕೊಡುತ್ತದೆ. ರಾಂಡಲ್ ಸ್ಮಿತ್ ಅವರ ಮೆಸಾ ಬೂಗಿ ಮಾರ್ಕ್ ಸರಣಿ ಇದೇ ತತ್ತ್ವವನ್ನು ಪೆಟ್ಟಿಗೆಯೊಳಗೇ ತಂದಿತು: ಸ್ವರಗುಣದ ಗುಬುಟುಗಳು ಕತ್ತರಿಕೆಗೆ ಮುಂಚೆ, ಐದು ಪಟ್ಟಿಗಳ ಈಕ್ವಲೈಸರ್ ಆನಂತರ. ಮೊದಲು ಕಳೆದದ್ದನ್ನು ಕೊನೆಗೆ ತುಂಬಿಕೊಳ್ಳುವ ಉಪಾಯವಿದು. ಮೆಟಾಲಿಕಾದ 1986ರ 'ಮಾಸ್ಟರ್ ಆಫ್ ಪಪೆಟ್ಸ್' ಧ್ವನಿಮುದ್ರಿಕೆಯಲ್ಲಿ ಈ ಸರಣಿಯ ಮಾರ್ಕ್ ಟೂ ಸಿ ಪ್ಲಸ್ ಬಳಕೆಯಾಯಿತು.

ಇನ್ನೊಂದು ಹೋಲಿಕೆ ಹೆಚ್ಚು ಪಾಠ ಕಲಿಸುತ್ತದೆ. 1990ರ ದಶಕದ ಆರಂಭದಲ್ಲಿ ಬಂದ ಮೆಸಾ ಡ್ಯುಯಲ್ ರೆಕ್ಟಿಫೈಯರಿನ ಮುಂಭಾಗದ ಮಂಡಲ ಎಸ್‌ಎಲ್‌ಒ 100ರದ್ದನ್ನು ಬಹಳ ಹೋಲುತ್ತದೆ. ಆದರೂ ಒಂದು ಬಿಗಿ, ಇನ್ನೊಂದು ಭಾರ ಮತ್ತು ಸಡಿಲ. ಏಕೆ? ಹೊರಹೋಗುವ ಸಂಕೇತದ ಒಂದಂಶವನ್ನು ಹಿಂದಕ್ಕೆ ತಂದು ಕಳೆಯುವ ನೆಗೆಟಿವ್ ಫೀಡ್‌ಬ್ಯಾಕ್ ಎಸ್‌ಎಲ್‌ಒದಲ್ಲಿದೆ; ರೆಕ್ಟಿಫೈಯರಿನ 'ಮಾಡರ್ನ್' ಸ್ಥಿತಿಯಲ್ಲಿ ಅದನ್ನು ಕಿತ್ತುಹಾಕಲಾಗುತ್ತದೆ. ಆಗ ಸ್ಪೀಕರಿನ ಕೋನ್ ತನ್ನ ಅನುರಣನ ಆವೃತ್ತಿಯ ಸುತ್ತ, ಸುಮಾರು 100 ಹರ್ಟ್ಸ್ ಬಳಿ, ಮನಬಂದಂತೆ ಕುಣಿಯುತ್ತದೆ. ವಾಲ್ವಿನ ಬ್ರಾಂಡ್ ಬದಲಿಸಿ ಇದನ್ನು ಸರಿಪಡಿಸಲು ಹೊರಟವರು ಬೇರಿಗೆ ನೀರೆರೆಯದೆ ಎಲೆ ಒರೆಸಿದಂತೆ.

ನನ್ನ ಕಿವಿಗೆ, ಬೆಂಗಳೂರಿನಲ್ಲಿ ಹಳೆಯ ವಿದ್ಯಾರ್ಥಿಗಳ ಬಳಿ ಕೇಳಿದವುಗಳಲ್ಲಿ, ಎಸ್‌ಎಲ್‌ಒ 100ರ ಸಮತೋಲನ ಮೇಲು. ಒಂಟಿ ಸ್ವರವೂ ಹಾಡುತ್ತದೆ, ಎರಡು ಸ್ವರ ಸೇರಿದಾಗಲೂ ಗಾಂಧಾರ ಕೇಳುತ್ತದೆ. ಜರ್ಮನಿಯ ಡೀಜಲ್ ವಿಎಚ್ 4 ಇನ್ನೂ ಬಿಗಿ. ವಾದಕನ ಒಂದು ತಪ್ಪನ್ನೂ ಮುಚ್ಚಿಡುವುದಿಲ್ಲ. ಜೆಸಿಎಂ 800ರಲ್ಲಿ ವರ್ಧನೆ ಕಡಿಮೆ, ಆದರೆ ಬೆರಳು ಸಡಿಲಿಸಿದರೆ ದನಿ ಸ್ವಚ್ಛವಾಗುವ ಗುಣ ಅದರಲ್ಲಿ ಹೆಚ್ಚು.

ಬೆರಳಿಗೆ ತಿಳಿಯುವುದು

ಈಗ ಕಠಿಣವಾದ ಮಾತು: ವಾದಕರು ಹೇಳುವ 'ಫೀಲ್'. ಜೋರಾಗಿ ಮೀಟಿದ ಕ್ಷಣದಲ್ಲಿ ಪವರ್ ವಾಲ್ವ್‌ಗಳು ಹೆಚ್ಚು ವಿದ್ಯುತ್ತನ್ನು ಎಳೆಯುತ್ತವೆ. ವಾಲ್ವ್ ರೆಕ್ಟಿಫೈಯರಿನ ಆಂತರಿಕ ರೋಧದಿಂದಾಗಿ ಪೂರೈಕೆಯ ವಿಭವ ಕೆಲವು ಹತ್ತು ವೋಲ್ಟ್ ಕುಸಿದು, ಮತ್ತೆ ನಿಧಾನವಾಗಿ ಏರುತ್ತದೆ. ಮೊದಲ ಪೆಟ್ಟು ಮೆದುವಾಗಿ, ನಾದ ಆಮೇಲೆ ಉಬ್ಬಿದಂತೆ ಅನಿಸುತ್ತದೆ. ಇದು ಭ್ರಮೆಯಲ್ಲ, ಅಳೆಯಬಹುದಾದ, ಕಾಲದೊಂದಿಗೆ ಬದಲಾಗುವ ವರ್ತನೆ.

ಆದರೆ ಜಾಹೀರಾತನ್ನು ನಂಬುವ ಮುನ್ನ ಯೋಚಿಸಿ. ಡ್ಯುಯಲ್ ರೆಕ್ಟಿಫೈಯರಿನ ಹೆಸರಿಗೆ ಕಾರಣವೇ ವಾಲ್ವ್ ಅಥವಾ ಸಿಲಿಕಾನ್ ಡಯೋಡ್ ಆರಿಸುವ ಸ್ವಿಚ್ಚು. ಕೋಣೆಯಲ್ಲಿ ಮೆಲುದನಿಯಲ್ಲಿ ನುಡಿಸುವಾಗ ಪವರ್ ವಾಲ್ವ್‌ಗಳಿಗೆ ಶ್ರಮವೇ ಇಲ್ಲ. ಕತ್ತರಿಕೆಯೆಲ್ಲ ಮುಂಭಾಗದಲ್ಲೇ ಮುಗಿದಿರುತ್ತದೆ. ಆಗ ಆ ಸ್ವಿಚ್ಚು ಬಹುಪಾಲು ಅಲಂಕಾರವಷ್ಟೇ.

ನಮ್ಮ ಕಡೆಯ ಒಂದು ವಿಶೇಷವನ್ನೂ ಹೇಳಬೇಕು. ಮಳೆಗಾಲದ ಸಂಜೆ ವೋಲ್ಟೇಜು 230ರಿಂದ 190ಕ್ಕೆ ಇಳಿಯಿತು ಎನ್ನಿ. 450 ವೋಲ್ಟಿನ ಆಂತರಿಕ ಪೂರೈಕೆ ಸುಮಾರು 370ಕ್ಕೆ ಇಳಿಯುತ್ತದೆ, ವಾಲ್ವಿನ 6.3 ವೋಲ್ಟ್ ಫಿಲಮೆಂಟಿಗೆ 5.2 ಮಾತ್ರ ಸಿಗುತ್ತದೆ. ಬೆಳಗ್ಗೆ ಕೇಳಿದ ಆಂಪ್ಲಿಫೈಯರ್ ಸಂಜೆ ಬೇರೆಯೇ ಆಗಿರುತ್ತದೆ. ಎಡ್ಡಿ ವ್ಯಾನ್ ಹೇಲನ್ ತಮ್ಮ ಮಾರ್ಷಲ್‌ಗೆ ವೇರಿಯಾಕ್ ಜೋಡಿಸಿ ಬೇಕೆಂದೇ ವಿಭವ ತಗ್ಗಿಸಿ ನುಡಿಸುತ್ತಿದ್ದರು. ಫಿಲಮೆಂಟ್ ಹೀಗೆ ಸದಾ ತಣ್ಣಗಿದ್ದರೆ ವಾಲ್ವಿನ ಆಯುಸ್ಸಿಗೆ ಒಳ್ಳೆಯದಲ್ಲ. ಮಲೆನಾಡಿನ ವಾದಕನು ದುಬಾರಿ ವಾಲ್ವ್ ಹುಡುಕುವ ಮೊದಲು ಒಂದು ಒಳ್ಳೆಯ ಸ್ಟೆಬಿಲೈಸರ್ ತರಲಿ.

ಬೆಲೆ ಯಾವುದಕ್ಕೆ?

ಕೈಯಲ್ಲಿ ಒಂದೊಂದಾಗಿ ಕಟ್ಟುವ ಸಣ್ಣ ತಯಾರಕರನ್ನು 'ಬೊಟಿಕ್' ಎನ್ನುತ್ತಾರೆ. 2022ರಲ್ಲಿ ತೀರಿಕೊಂಡ ಅಲೆಕ್ಸಾಂಡರ್ ಡಂಬಲ್ ಕಟ್ಟಿದ ಆಂಪ್ಲಿಫೈಯರ್‌ಗಳು ಒಂದು ಲಕ್ಷ ಡಾಲರ್ ದಾಟಿದ ಬೆಲೆಗೂ ಮಾರಾಟವಾಗಿವೆ. ಮಂಡಲ ಯಾರಿಗೂ ಕಾಣದಿರಲೆಂದು ಅವರು ಅದರ ಮೇಲೆ ಎಪಾಕ್ಸಿ ಸುರಿಯುತ್ತಿದ್ದರು. ಕುಶಲಕರ್ಮಿಯ ಮೇಲೆ ನನಗೆ ಗೌರವವಿದೆ. ಒಬ್ಬ ವಾದಕನ ಬೆರಳಿಗೆ ತಕ್ಕಂತೆ ರೋಧಕ, ಕೆಪಾಸಿಟರುಗಳನ್ನು ಹೊಂದಿಸುವುದು ಜೀವಾಳ ಸರಿಸುವಷ್ಟೇ ನಾಜೂಕಿನ ಕೆಲಸ. ಒಳ್ಳೆಯ ಟ್ರಾನ್ಸ್‌ಫಾರ್ಮರು, ಗಟ್ಟಿ ಜೋಡಣೆಗಳಿಗೂ ಬೆಲೆ ಇದೆ. ಆದರೆ ಮುಚ್ಚಿಟ್ಟದ್ದೆಲ್ಲ ಮಹತ್ತರ ಎಂಬ ನಂಬಿಕೆ ವಿಜ್ಞಾನಕ್ಕೂ ಸಂಗೀತಕ್ಕೂ ಹಿತವಲ್ಲ.

ವಾಲ್ವು ನಮಗೆ ಅಪರಿಚಿತವೂ ಅಲ್ಲ. ಬೆಂಗಳೂರು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ರೇಡಿಯೋ ವಾಲ್ವ್‌ಗಳ ತಯಾರಿಕೆ ಆರಂಭಿಸಿತು. ಅದರ ಇಎಲ್ 84 ವಾಲ್ವ್ ಗಿಟಾರ್ ಆಂಪ್ಲಿಫೈಯರಿಗೂ ಒಗ್ಗುವಂಥದ್ದು. ಇಂದು ಹೊಸ ವಾಲ್ವ್‌ಗಳು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾಗಳಿಂದ ಬರುತ್ತವೆ. ನಮ್ಮ ನೆಲದಲ್ಲೇ ಇದ್ದ ಜ್ಞಾನವನ್ನು ವಿದೇಶಿ ಪವಾಡವೆಂದು ಕೈಮುಗಿದು ಕೊಳ್ಳುವುದು ಬೇಡ.

ಹೋಲಿಸುವ ಕ್ರಮ

ನೀವೇ ಹೋಲಿಸುವುದಾದರೆ ಈ ಕ್ರಮ ಅನುಸರಿಸಿ. ಮೊದಲು, ಎಲ್ಲ ಆಂಪ್ಲಿಫೈಯರ್‌ಗಳಿಗೂ ಒಂದೇ ಸ್ಪೀಕರ್ ಪೆಟ್ಟಿಗೆ ಬಳಸಿ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ಆಚೆಗಿನ ಕರ್ಕಶವನ್ನು ತಡೆಯುವ ಶೋಧಕವೂ ಹೌದು. ಅದನ್ನು ಬದಲಿಸಿದರೆ ಆಂಪ್ಲಿಫೈಯರ್ ಬದಲಿಸಿದ್ದಕ್ಕಿಂತ ಹೆಚ್ಚು ವ್ಯತ್ಯಾಸ ಕಾಣಬಹುದು. ಎರಡನೆಯದಾಗಿ, ಧ್ವನಿಮಟ್ಟವನ್ನು ಮೀಟರಿನಿಂದ ಸಮಗೊಳಿಸಿ. ಕಿವಿಯ ಸಂವೇದನೆ ಮಟ್ಟದೊಂದಿಗೆ ಬದಲಾಗುತ್ತದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದಾರೆ. ತುಸು ಜೋರಾದದ್ದು ಸದಾ 'ಉತ್ತಮ'ವಾಗಿಯೇ ಕೇಳಿಸುತ್ತದೆ. ಮೂರನೆಯದಾಗಿ, ಪೂರೈಕೆಯ ವಿಭವ ಒಂದೇ ಇರಲಿ. ನಾಲ್ಕನೆಯದಾಗಿ, ಯಾವುದು ಯಾವುದೆಂದು ಕೇಳುವವರಿಗೆ ತಿಳಿಯದಿರಲಿ.

ಇಲ್ಲೊಂದು ಎಚ್ಚರಿಕೆ. ಒಮ್ಮೆ ಮುದ್ರಿಸಿಕೊಂಡ ಗಿಟಾರ್ ಸಂಕೇತವನ್ನೇ ಎಲ್ಲ ಆಂಪ್ಲಿಫೈಯರ್‌ಗಳಿಗೂ ಕೊಟ್ಟು ಹೋಲಿಸುವುದನ್ನು ಅತ್ಯಂತ ವೈಜ್ಞಾನಿಕ ವಿಧಾನವೆನ್ನುತ್ತಾರೆ. ನಾದಕ್ಕೆ ಅದು ಸರಿ, ಫೀಲ್‌ಗೆ ಸರಿಯಲ್ಲ. ಆಂಪ್ಲಿಫೈಯರ್ ಕೊಟ್ಟ ಉತ್ತರ ಕೇಳಿ ವಾದಕ ಮುಂದಿನ ಪೆಟ್ಟನ್ನು ಬದಲಿಸುತ್ತಾನೆ. ಬೆರಳು, ಆಂಪ್ಲಿಫೈಯರ್, ಕಿವಿ ಸೇರಿ ಒಂದು ವರ್ತುಲ. ಮುದ್ರಿತ ಸಂಕೇತ ಈ ವರ್ತುಲವನ್ನೇ ತುಂಡರಿಸುತ್ತದೆ. ಆದ್ದರಿಂದ ನಾದದ ತೀರ್ಪು ಕೇಳುಗನದು, ಫೀಲ್‌ನ ತೀರ್ಪು ನುಡಿಸುವವನದು. ಎರಡನ್ನೂ ಬೇರೆ ಬೇರೆಯಾಗಿ, ಎರಡನ್ನೂ ಕಣ್ಣು ಕಟ್ಟಿ ಪರೀಕ್ಷಿಸಬೇಕು.

ಕೊನೆಯದಾಗಿ ಒಂದು ಸುರಕ್ಷತೆಯ ಮಾತು. ಕುತೂಹಲದಿಂದ ಪೆಟ್ಟಿಗೆ ಬಿಚ್ಚಬೇಡಿ. ಸ್ವಿಚ್ಚು ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ 400 ವೋಲ್ಟಿಗೂ ಮಿಕ್ಕಿದ ವಿಭವ ಉಳಿದಿರಬಹುದು, ಅದು ಪ್ರಾಣಾಪಾಯ. ತಿಳಿದವರ ಜೊತೆ ಕುಳಿತು ಮಂಡಲದ ನಕ್ಷೆ ಓದುವುದನ್ನು ಕಲಿಯಿರಿ. ಆಮೇಲೆ ಯಾವ ಆಂಪ್ಲಿಫೈಯರ್ ಕೊಳ್ಳಬೇಕೆಂದು, ಅಥವಾ ಕೊಳ್ಳದೆ ಇರುವುದನ್ನೇ ಹೇಗೆ ಹೊಂದಿಸಿಕೊಳ್ಳಬೇಕೆಂದು, ನೀವೇ ನಿರ್ಧರಿಸಬಲ್ಲಿರಿ.