ಕಲೆ ಹೋಯಿತು, ತೇವ ಉಳಿಯಿತು

ಜುಲೈ ತಿಂಗಳಲ್ಲಿ ನ್ಯೂಜೆರ್ಸಿಯ ಮನೆಯೊಂದರ ಬೇಸ್‌ಮೆಂಟಿಗೆ ಇಳಿದರೆ ಮಲೆನಾಡಿನ ಆಷಾಢದ ಮುಗ್ಗಲು ವಾಸನೆಯೇ ಮೂಗಿಗೆ ಬಡಿಯುತ್ತದೆ. ಸೂಟ್‌ಕೇಸಿನ ಮೇಲೆ ಬಿಳಿ ಬೂಷ್ಟು, ಗೋಡೆಯ ಬುಡದಲ್ಲಿ ಕರಿ ಚುಕ್ಕೆ. ಅಲ್ಲಿ ನೆಲೆಸಿದ ಕನ್ನಡಿಗರೂ ಸೇರಿ ಹಲವರ ಕೈ ಮೊದಲು ಹೋಗುವುದು ಬ್ಲೀಚ್ ಬಾಟಲಿಗೆ.

ಈ ರೂಢಿಯನ್ನು ಬಿಡಬೇಕು.

ಸಿಮೆಂಟ್ ಗೋಡೆಯ ಕಲೆ ಬ್ಲೀಚಿಗೆ ಮಾಸುವುದು ನಿಜ. ಆದರೆ ಬೇಸ್‌ಮೆಂಟಿನ ಒಳಗೋಡೆ ಸಾಮಾನ್ಯವಾಗಿ ಜಿಪ್ಸಮ್ ಬೋರ್ಡಿನದು. ಅದರ ಕಾಗದದ ಹೊದಿಕೆಯೇ ಬೂಷ್ಟಿಗೆ ಊಟ. ಮುಂಬದಿ ಬೆಳ್ಳಗೆ ಹೊಳೆಯುತ್ತಿರುವಾಗಲೇ ಹಿಂಬದಿಯಲ್ಲಿ ಕಪ್ಪು ಮಖಮಲ್ಲಿನ ಹಾಗೆ ಹಬ್ಬಿರಬಹುದು. ಸಿಂಪಡಿಸಿದ ದ್ರಾವಣದಲ್ಲಿ ಬಹುಪಾಲು ನೀರೇ. ಬೋರ್ಡು ಅದನ್ನೂ ಹೀರಿಕೊಳ್ಳುತ್ತದೆ. ಮೇಲಾಗಿ, ಸತ್ತ ಬೂಷ್ಟಿನಿಂದಲೂ ಅಲರ್ಜಿ ಬರುತ್ತದೆ. ಕೊಂದರೆ ಸಾಲದು, ಕಿತ್ತು ಹೊರಹಾಕಬೇಕು.

ಅಮೆರಿಕದ ಸರ್ಕಾರಿ ಸಂಸ್ಥೆಗಳೇ ಇಲ್ಲಿ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಬ್ಲೀಚನ್ನು ವಾಡಿಕೆಯ ಮದ್ದಾಗಿ ಬಳಸಬೇಡಿ ಎನ್ನುತ್ತದೆ. ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಗ್ಯಾಲನ್ ನೀರಿಗೆ 1 ಕಪ್ ಮೀರದಂತೆ ಬಳಸಬಹುದು ಎನ್ನುತ್ತದೆ. ಅಮೋನಿಯಾ ಜೊತೆ ಬೆರೆಸಿದರೆ ವಿಷಾನಿಲ ಏಳುತ್ತದೆಂದು ಎಚ್ಚರಿಸುತ್ತದೆ. ಕಿಟಕಿ ಚಿಕ್ಕದಾದ, ಗಾಳಿಯಾಡದ ನೆಲಮಾಳಿಗೆಯಲ್ಲಿ ಇಪಿಎ ಮಾತೇ ಸರಿ. ಗಟ್ಟಿ ಮೇಲ್ಮೈಗೆ ಸೋಪುನೀರು, ಬ್ರಷ್ಷು ಸಾಕು. ತೊಳೆದ ಮೇಲೆ ಪೂರ್ತಿ ಒಣಗಿಸಬೇಕು.

ಸುಮಾರು 10 ಚದರಡಿಗಿಂತ ಕಡಿಮೆಯಿದ್ದರೆ ಮನೆಯವರೇ ಮಾಡಬಹುದೆಂಬ ಇಪಿಎ ಅಳತೆ ಅನುಕೂಲದ್ದು, ಆದರೆ ಅದನ್ನು ಕಣ್ಣುಮುಚ್ಚಿ ನಂಬಬಾರದು. ಆಸ್ತಮಾ ಇದ್ದವರು ಅಂಗೈಯಗಲದ ಬೂಷ್ಟಿಗೂ ಕೈಹಾಕದಿರುವುದೇ ಲೇಸು. ಉಳಿದವರಿಗೂ ಎನ್-95 ಮಾಸ್ಕ್, ಉದ್ದ ಗ್ಲೌಸು, ಗಾಳಿರಂಧ್ರವಿಲ್ಲದ ಕನ್ನಡಕ ಬೇಕೇಬೇಕು. ಬೂಷ್ಟು ಹಿಡಿದ ಬೋರ್ಡು, ಕಾರ್ಪೆಟ್ಟುಗಳನ್ನು ಅಲ್ಲಿಯೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸಾಗಿಸಬೇಕು. ಊರಿನಲ್ಲಿ ಮರದ ಪೆಟ್ಟಿಗೆಯನ್ನು ಒಣಬಟ್ಟೆಯಿಂದ ಕೊಡವುವ ಅಭ್ಯಾಸವೂ ಇಲ್ಲಿ ಬೇಡ. ಕೊಡವಿದಷ್ಟೂ ಬೀಜಕಣಗಳು ಮನೆಯೆಲ್ಲ ಹಾರುತ್ತವೆ.

ಇನ್ನು ಕಿಟಕಿಯ ವಿಷಯ. ಒಣಗಲೆಂದು ಬೇಸಿಗೆಯಲ್ಲಿ ಕಿಟಕಿ ತೆರೆದಿಟ್ಟರೆ ಹೊರಗಿನ ಬೆಚ್ಚನೆಯ ತೇವಗಾಳಿ ತಾಗಿ ತಣ್ಣನೆಯ ಗೋಡೆ ಬೆವರುತ್ತದೆ. ಆಗ ಕಿಟಕಿ ಮುಚ್ಚಿ ಡಿಹ್ಯುಮಿಡಿಫೈಯರ್ ಹಾಕಿ, ತೇವಾಂಶ ಶೇ. 60 ದಾಟದಂತೆ ನೋಡಿಕೊಳ್ಳಬೇಕು. ಬ್ಲೀಚಿಗೆ ದುಡ್ಡು ಹಾಕುವ ಮೊದಲು ಒಂದು ಚಿಕ್ಕ ಪರೀಕ್ಷೆ ಮಾಡಬಹುದು: ಕಾಂಕ್ರೀಟ್ ಗೋಡೆಗೆ ಅಲ್ಯೂಮಿನಿಯಂ ಫಾಯಿಲಿನ ತುಂಡನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಅಂಟಿಸಿ, ಒಂದೆರಡು ದಿನ ಬಿಡಬೇಕು. ಹನಿ ಫಾಯಿಲಿನ ಹೊರಮೈಯಲ್ಲಿದ್ದರೆ ನೀರು ಗಾಳಿಯದು. ಗೋಡೆಯ ಕಡೆಗಿದ್ದರೆ ಮಣ್ಣಿನದು. ಆಗ ಮೊದಲು ನೋಡಬೇಕಾದ್ದು ಸೂರಿನ ದೋಣಿಯ ನೀರು ಎಲ್ಲಿ ಬೀಳುತ್ತಿದೆ ಎಂಬುದನ್ನು.